ಕಥಿ ಕಾಕಾ ನನ್ನನ್ನು ಕೊಂದ ಬೇಸಿಗೆ

ನೀವು ಯಾವಾಗಲಾದರೂ ಸತ್ತಿದ್ದೀರೇನು? ನಾನು ಸತ್ತಿದ್ದೇನೆ. ಒಂಬತ್ತನೆಯ ವಯಸ್ಸಿಗೆ, ಕಮಲಾಪುರದಲ್ಲಿ, ಓಣಿಯೆಲ್ಲ ಕೂತು ಕೇಳುವ ಹಾಗೆ. ಅವಸರ ಮಾಡಬೇಡಿ, ಹೇಳುತ್ತೇನೆ. ಫೋನಿನಲ್ಲಿ ಅಕ್ಷರ ಹುಡುಕಿ ಒತ್ತುವುದನ್ನು ಮೊಮ್ಮಗಳು ಈಗಷ್ಟೇ ಕಲಿಸಿದ್ದಾಳೆ. ನಾನು ನಿಧಾನ, ನೀವೂ ನಿಧಾನವಾಗಿಯೇ ಓದಿ.

ಆಗೆಲ್ಲ ಬೇಸಿಗೆ ಬಂತೆಂದರೆ ನಮ್ಮ ಮನೆಗೆ ಒಂದೇ ವಾಸನೆ. ಅಡುಗೆಮನೆಯ ಮೂಲೆಯಲ್ಲಿ ಹುಲ್ಲು ಹೊದಿಸಿ ಹಣ್ಣಿಗೆ ಹಾಕಿದ ಕೆಂಪು ಬಾಳೆಯದು. ರಾತ್ರಿ ಹಾಸಿಗೆಗೂ ಅದೇ, ಬೆಳಿಗ್ಗೆ ರೊಟ್ಟಿಗೂ ಅದೇ. ನಾವು ಹುಡುಗಿಯರು ಹಣ್ಣು ತಿಂದು, ಕೆಂಪು ಸಿಪ್ಪೆಯನ್ನು ನಾಲಿಗೆಯ ಹಾಗೆ ತುಟಿಗೆ ಸಿಕ್ಕಿಸಿಕೊಂಡು, ಮೈಮೇಲೆ ದೇವಿ ಬಂದವರಂತೆ ಕುಣಿಯುತ್ತಿದ್ದೆವು. ಎಲ್ಲರಿಗಿಂತ ಮುಂದೆ ನಾನು.

ಎದುರು ಮನೆಯ ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದವರು ಕಥಿ ಕಾಕಾ. ಶಾಲೆಯ ಮಾಸ್ತರಿಕೆ ಮುಗಿಸಿ ಕಥೆ ಬರೆಯುತ್ತಿದ್ದವರು. ಅವರ ನಿಜವಾದ ಹೆಸರು ಊರಿಗೇ ಮರೆತುಹೋಗಿತ್ತು. ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುವರು, ನಡುನಡುವೆ ನನ್ನ ಕಡೆ ನೋಡಿ ನಗುವರು. ನನಗೇನು ಗೊತ್ತು, ನನ್ನನ್ನೇ ಬರೆಯುತ್ತಿದ್ದರೆಂದು!

ಒಂದು ಸಂಜೆ ಅವರ ಕಥೆ ಅಚ್ಚಾದ ಮಾಸಪತ್ರಿಕೆ ಬಂತು. ಅಪ್ಪ ಅಂಗಳದಲ್ಲಿ ಕಂದೀಲು ಹಚ್ಚಿ ಗಟ್ಟಿಯಾಗಿ ಓದಿದರು. ಕಥೆಯಲ್ಲಿ ಒಬ್ಬ ಹುಡುಗಿ. ಹೆಸರು ಬೇರೆ, ಉಳಿದದ್ದೆಲ್ಲ ನಾನೇ. ಮುರಿದ ಮುಂದಿನ ಹಲ್ಲು, ಬಾಳೆಸಿಪ್ಪೆಯ ನಾಲಿಗೆ, ಒಂದೇ ಕಾಲಿಗೆ ಉಳಿದಿದ್ದ ಗೆಜ್ಜೆ. ಓಣಿಯವರು ನನ್ನ ಕಡೆ ನೋಡಿ ನಕ್ಕಿದ್ದೇ ನಕ್ಕಿದ್ದು, ನಾನು ಉಬ್ಬಿ ಕೂತಿದ್ದೆ. ಕೊನೆಯ ಪುಟದಲ್ಲಿ ಹುಡುಗಿಗೆ ಜ್ವರ ಬಂತು. ಅಪ್ಪನ ದನಿ ಸಣ್ಣದಾಯಿತು. ಹುಡುಗಿ ಸತ್ತಳು.

ಆಯಿ, ಅಂದರೆ ನನ್ನ ಅಜ್ಜಿ, ಅಪ್ಪನ ಕೈಯಿಂದ ಪತ್ರಿಕೆ ಕಸಿದುಕೊಂಡಳು.

"ಅಚ್ಚಿನ್ಯಾಗ ಹಾಕ್ಯಾನಲ್ಲೋ! ಬಾಯಿಲೆ ಅಂದಿದ್ರ ಗಾಳಿಗಿ ಹೋಗ್ತಿತ್ತು. ಅಚ್ಚಾಗಿದ್ದು ಎಲ್ಲಿಗಿ ಹೋಗ್ತದ?"

"ಅವ್ವಾ, ಅದು ಕಥಿ," ಅಂದರು ಅಪ್ಪ.

"ನಿನಗ ಕಥಿ. ನನಗ ಮೊಮ್ಮಗಳು."

ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟೇ ಏಳಲಿಲ್ಲ. ದೃಷ್ಟಿ ಅಷ್ಟು ಜೋರಾಗಿದೆ ಎಂದು ಇನ್ನಷ್ಟು ಹೆದರಿದಳು.

ಮುಂದಿನ ವಾರ ನನಗೆ ನಿಜವಾಗಿಯೂ ಜ್ವರ ಬಂತು. ಬಿಸಿಲಲ್ಲಿ ತೋಟ ತಿರುಗಿದ್ದಕ್ಕೆ ಎಂದು ಡಾಕ್ಟರು ಗುಳಿಗೆ ಕೊಟ್ಟು ಹೋದರು. ಆಯಿ ನನ್ನ ಪಾದ ತಿಕ್ಕುತ್ತಾ ಕೂತಳು. ಅವಳು ನನ್ನ ಮುಖ ನೋಡುವ ರೀತಿಯಲ್ಲೇ ನನಗೆ ತಿಳಿಯಿತು, ನನ್ನದಿನ್ನು ಒಂದು ಪುಟವಷ್ಟೇ ಬಾಕಿ.

ಅವಳು ನೀರು ತರಲು ಒಳಗೆ ಹೋದದ್ದೇ ತಡ, ಎದ್ದೆ. ಕೌದಿ ಹೊದ್ದುಕೊಂಡೇ ಓಣಿ ದಾಟಿ ಕಾಕಾನ ಮುಂದೆ ನಿಂತೆ.

"ನನ್ನ ಯಾಕ ಕೊಂದ್ರಿ?"

ಕಾಕಾ ಪೆನ್ನು ಕೆಳಗಿಟ್ಟರು. "ನಿನ್ನಲ್ಲವ್ವಾ. ಅದು ಬ್ಯಾರೆ ಹುಡುಗಿ."

"ಸುಳ್ಳ ಹೇಳಬ್ಯಾಡ್ರಿ. ಗೆಜ್ಜಿ ನಂದು, ಹಲ್ಲು ನಂದು. ಸಾಯೂದೊಂದು ಆಕಿದೇನು?"

ಅವರು ನನ್ನ ಹಣೆ ಮುಟ್ಟಿದರು, ಕೆಂಡ ಮುಟ್ಟಿದವರಂತೆ ಕೈ ಹಿಂದಕ್ಕೆ ತೆಗೆದರು. ಅಷ್ಟರಲ್ಲಿ ಆಯಿ ಓಡಿಬಂದಳು. ಬೈಯಲೆಂದೇ ಬಂದವಳು, ಕಾಕಾನ ಕಣ್ಣಲ್ಲಿ ನೀರು ಕಂಡು ನನ್ನನ್ನು ಹಿಡಿದು ಕಟ್ಟೆಯ ಮೇಲೆ ಕೂಡಿಸಿದಳು.

"ಅಚ್ಚಾಗಿದ್ದು ತಿರುಗಿ ತರಾಕ ಬರಂಗಿಲ್ಲ," ಅಂದರು ಕಾಕಾ.

"ಮುಂದಿಂದು ಬರೀರಿ ಮತ್ತ. ಹಾಳಿ ತೀರ್ಯಾವೇನು?" ಅಂದೆ ನಾನು.

ಅವರು ಹೊಸ ಹಾಳೆ ತೆಗೆದು ಹಲಗೆಯ ಮೇಲೆ ಇಟ್ಟುಕೊಂಡರು. "ಹೇಳು. ಎದ್ದ ಮ್ಯಾಲ ಮೊದಲ ಏನ್ ಮಾಡ್ತಾಳ?"

"ರೊಟ್ಟಿ ಕೇಳ್ತಾಳ. ಬಿಸಿದು. ಬೆಣ್ಣಿ, ಶೇಂಗಾ ಚಟ್ನಿ."

"ಆಮ್ಯಾಲ?"

"ದೊಡ್ಡಾಕಿ ಆಗ್ತಾಳ. ಮುದುಕಿ ಆಗ್ತಾಳ. ಎಲ್ಲಾ ಹಲ್ಲು ಬೀಳ್ತಾವ. ಆದ್ರೂ ಸಾಯಂಗಿಲ್ಲ."

ಒಂದಕ್ಷರ ಬಿಡದೆ ಬರೆದರು. ಆಯಿಗೆ ಓದಿ ಹೇಳಿದರು, ಅವಳು ಮತ್ತೊಮ್ಮೆ ಓದಿಸಿದಳು. ಅದೂ ಸಾಲಲಿಲ್ಲ. ಹಾಳೆಯನ್ನು ಇಸಿದುಕೊಂಡು, ಸಣ್ಣಗೆ ಸುರುಳಿ ಸುತ್ತಿ, ಕಲಬುರಗಿಗೆ ಹೋದಾಗ ರೋಜಾ ಬಡಾವಣೆಯ ಅಂಗಡಿಯಲ್ಲಿ ಕೊಂಡಿದ್ದ ತಗಡಿನ ತಾಯಿತದೊಳಗೆ ತುಂಬಿ ನನ್ನ ತೋಳಿಗೆ ಕಟ್ಟಿದಳು. ಮರುದಿನ ಜ್ವರ ಇಳಿಯಿತು. ಗುಳಿಗೆಯಿಂದಲೋ ಹಾಳೆಯಿಂದಲೋ ಎಂದು ಆಯಿಯನ್ನು ಕೇಳುವ ಧೈರ್ಯ ಡಾಕ್ಟರಿಗೂ ಆಗಲಿಲ್ಲ.

ಆ ತಾಯಿತ ಕಟ್ಟಿಕೊಂಡೇ ತೋಟದ ಬಾವಿಯಲ್ಲಿ ಈಜು ಕಲಿತೆ. ಮುಂದೆ ಬಿಚ್ಚಿ ನೋಡಿದಾಗ ಒಳಗೆ ನೀಲಿ ಮುದ್ದೆಯಷ್ಟೇ ಉಳಿದಿತ್ತು.

ಈಗ ಆಯಿ ಇಲ್ಲ, ಅಪ್ಪ ಇಲ್ಲ, ಕಾಕಾ ಇಲ್ಲ. ನಾನು ಕಲಬುರಗಿಯ ಗಾಜಿಪುರ ಓಣಿಗೆ ಸೊಸೆಯಾಗಿ ಬಂದು ಇಲ್ಲಿಯವಳೇ ಆದೆ. ಆಮೇಲೆ ಎಷ್ಟೋ ಕಥೆ ಓದಿದೆ, ಎಷ್ಟೋ ಕಥೆಗಳಿಗೆ ಸಿಟ್ಟು ಬಂತು. ಆದರೆ ಕೌದಿ ಹೊದ್ದು ಓಣಿ ದಾಟಿ ಹೋಗಿ ಜಗಳ ಮಾಡೋಣವೆಂದರೆ ಬರೆದವರು ಯಾರೂ ಎದುರು ಕಟ್ಟೆಯ ಮೇಲೆ ಕೂತಿರಲಿಲ್ಲ.

ಇಲ್ಲಿನ ಒಂದು ಗ್ರಂಥಾಲಯದವರು ಕಾಕಾನ ಪುಸ್ತಕ, ಪೆನ್ನು, ಹಲಗೆ ಎಲ್ಲ ತಂದು ಒಂದು ಕೋಣೆಯಲ್ಲಿ ಜೋಪಾನವಾಗಿ ಇಟ್ಟಿದ್ದಾರೆಂದು ಕೇಳಿ, ಮೊನ್ನೆ ಮೊಮ್ಮಗಳ ಸ್ಕೂಟರಿನ ಹಿಂದೆ ಕೂತು ಹೋದೆ. ಗಾಜಿನ ಕಪಾಟಿನಲ್ಲಿ ಅದೇ ಮಾಸಪತ್ರಿಕೆ. ಅದೇ ಕೊನೆಯ ಪುಟ ತೆರೆದಿಟ್ಟಿದ್ದರು.

"ಇದು ಓದಿ ಶಾಲಿ ಹುಡುಗರು ಅಳ್ತಾವ, ಆಯಿ," ಅಂದಳು ಅಲ್ಲಿಯ ಗ್ರಂಥಪಾಲಕಿ ನಸೀಮಾ. ನಾನು ನಡೆದದ್ದನ್ನೆಲ್ಲ ಹೇಳಿದೆ. ತಾಯಿತದ ಹಾಳೆಯ ಗತಿ ಕೇಳಿ ಅವಳ ಮುಖ ಸಪ್ಪಗಾಯಿತು. "ಅವರದು ಎಲ್ಲಾ ಕೂಡಿಸೀವಿ. ಅದೊಂದು ಹೋಯ್ತಲ್ರೀ."

"ಹಂಗಾದ್ರ ಒಂದು ಚೀಟಿ ಹಚ್ಚು. ಹುಡುಗಿ ಬದುಕ್ಯಾಳ, ಗಾಜಿಪುರದಾಗ ಇರ್ತಾಳ ಅಂತ."

"ಅವರು ಬರ್ದಿದ್ದಕ್ಕ ನಾ ಹ್ಯಾಂಗ ಚೀಟಿ ಹಚ್ಲಿ? ಹುಡುಗರು ಶನಿವಾರಕ್ಕೊಮ್ಮಿ ಬರ್ತಾವ. ನೀವೇ ಬಂದು ಮುಂದಿಂದು ಹೇಳ್ರಿ."

"ಮೊಣಕಾಲ ನೋವು ಅದ. ಎಲ್ಲಾ ವಾರ ಬರಾಕ ಆಗಂಗಿಲ್ಲ."

ನಸೀಮಾ ಕಪಾಟಿನ ಕೀಲಿ ತಿರುಗಿಸುತ್ತಾ, ನನ್ನ ಕಡೆ ನೋಡದೆಯೇ ಅಂದಳು: "ತಪ್ಪಿಸಬ್ಯಾಡ್ರಿ, ಆಯಿ. ನೀವು ಬರಲಿಲ್ಲಾಂದ್ರ ಹುಡುಗರು ಅಚ್ಚಾಗಿದ್ದೇ ಖರೇ ಅಂತಾವ."