ತೂತಿಗೊಂದು ಮುಚ್ಚಳ

ನನ್ನ ಹೆಂಡತಿಯನ್ನು ಕಾರ್ಖಾನೆಯಲ್ಲಿ ಎಲ್ಲರೂ ‘ಮುಚ್ಚಳದಮ್ಮ’ ಅಂತ ಕರೆಯುತ್ತಾರೆ. ನಾನು ಮುಚ್ಚಳದಮ್ಮನ ಗಂಡ. ಹಾಗೆ ಹೇಳಿಕೊಳ್ಳುವಾಗ ನನ್ನ ಎದೆ ಉಬ್ಬುತ್ತದೆ. ಉಬ್ಬಲಿ ಬಿಡಿ, ಯಾರಪ್ಪನ ಗಂಟೇನು ಹೋಗುತ್ತದೆ?

ನಮ್ಮಲ್ಲಿ ತಯಾರಾಗುವುದು ರೈಲು ಹಳಿಯನ್ನು ಹೊರುವ ಕಾಂಕ್ರೀಟ್ ಸ್ಲೀಪರು. ಉಕ್ಕಿನ ತಂತಿಗಳನ್ನು ಬಿಗಿಯಾಗಿ ಎಳೆದು ಹಿಡಿದು ಕಾಂಕ್ರೀಟ್ ಸುರಿಯುತ್ತಾರೆ. ಅದು ಗಟ್ಟಿಯಾದ ಮೇಲೆ ಎಳೆತ ಬಿಟ್ಟರೆ, ಆ ತಂತಿಗಳು ಸ್ಲೀಪರನ್ನು ಒಳಗಿನಿಂದಲೇ ಅದುಮಿ ಹಿಡಿಯುತ್ತವೆ. ಆಮೇಲೆ ಕಾಂಕ್ರೀಟ್ ಬಲಿಯಲೆಂದು ಅಂಗಳದಲ್ಲಿ ಅವಕ್ಕೆ ನೀರು ಹಾಯಿಸುವುದು ಅವಳ ಕೆಲಸ. ಒಂದು ಮೂಲೆಯನ್ನೂ ಒಣಗಲು ಬಿಡುವವಳಲ್ಲ. ಪಕ್ಕದ ಶೆಡ್ಡಿನಲ್ಲಿ ಅವುಗಳ ತೂತಿಗೆ ಹಳಿ ಹಿಡಿಯುವ ಬೋಲ್ಟ್ ಬಿಗಿಯುವುದು ನನ್ನದು. ನನ್ನ ಕೈಯ ಹದ ನೋಡಿ ಎಲ್ಲರೂ ‘ಹದಗೈ’ ಅಂತ ಹೆಸರಿಟ್ಟಿದ್ದರು.

ಹೊಸ ನಮೂನೆಯ ಸ್ಲೀಪರು ಬಂತು ನೋಡಿ, ಗ್ರಹಚಾರ ಕೆಟ್ಟಿತು. ಹಳೆಯದರಲ್ಲಿ ಬೋಲ್ಟಿನ ತೂತು ಅಡಿಯವರೆಗೂ ತೆರೆದಿತ್ತು. ಇದರಲ್ಲಿ ತಳ ಮುಚ್ಚಿತ್ತು. ನಾನು ಬಿಗಿದ ಸ್ಲೀಪರುಗಳಲ್ಲಿ ತೂತಿನ ಪಕ್ಕ ಕೂದಲೆಳೆಯಂಥ ಬಿರುಕು ಕಾಣತೊಡಗಿತು.

“ಹದಗೈ ಹೋಗಿ ಒಡೆಗೈ ಆಯ್ತಲ್ಲೋ!” ಅಂತ ಶೆಡ್ಡಿನವರು ಕಿಚಾಯಿಸಿದರು. ಎಂಜಿನಿಯರ್ ಕಿಚಾಯಿಸಲಿಲ್ಲ, ಅದೇ ಕಷ್ಟ. “ಕಾರಣ ಸಿಗದಿದ್ರೆ ನಿಮ್ಮನ್ನ ಬೋಲ್ಟ್ ಕೆಲಸದಿಂದ ತೆಗೀಬೇಕಾಗತ್ತೆ,” ಅಂದರು.

ಮನೆಗೆ ಬಂದರೆ ಅವಳು ಎಣ್ಣೆ ಬಾಟಲಿಯನ್ನು ಬಾಯಿಮಟ್ಟ ತುಂಬಿಸಿದ್ದಳು. “ಬಿರಡೆ ಹಾಕ್ರೀ,” ಅಂದಳು. ಸಿಟ್ಟೆಲ್ಲ ಅಂಗೈಗೆ ಬಂದಿತ್ತು. ಬಿರಡೆಯ ಮೇಲೆ ಒಂದೇಟು ಹಾಕಿದೆ. ಬಾಟಲಿಯ ತಳವೇ ಕಳಚಿ ಬಿತ್ತು! ಅಡುಗೆಮನೆ ತುಂಬ ಎಣ್ಣೆ. ಬೈಸಿಕೊಳ್ಳಲು ತಲೆ ತಗ್ಗಿಸಿ ನಿಂತೆ.

ಅವಳು ಬೈಯಲಿಲ್ಲ. ತಳವಿಲ್ಲದ ಬಾಟಲಿಯನ್ನೇ ನೋಡುತ್ತ, “ತುಂಬಿತ್ತು, ಅದಕ್ಕೇ ಒಡೀತು. ಎಣ್ಣೆಗೆ ಹೋಗೋಕೆ ಜಾಗ ಇರ್ಲಿಲ್ಲ,” ಅಂದಳು.

ಬೆಳಿಗ್ಗೆ ನೇರ ಎಂಜಿನಿಯರ್ ಮುಂದೆ ಹೋಗಿ ನಿಂತಳು. “ಸಾರ್, ಆ ತೂತುಗಳಲ್ಲಿ ನೀರು ನಿಂತಿರತ್ತೆ. ಬೋಲ್ಟ್ ಇಳಿದಾಗ ಅದು ಎಲ್ಲಿಗೆ ಹೋಗ್ಬೇಕು? ಪಕ್ಕಕ್ಕೆ ಒತ್ತತ್ತೆ. ನೀರು ಹಾಕೋಳು ನಾನು. ತೆಗೆಯೋದಾದ್ರೆ ನನ್ನನ್ನ ತೆಗೀರಿ.”

“ಏನೇ, ತಲೆಗಿಲೆ ಕೆಟ್ಟಿದೆಯಾ ನಿಂಗೆ?” ಅಂತ ಹಿಂದೆಯೇ ಬಂದಿದ್ದ ನಾನು ಕೂಗಿದೆ.

“ನೀವು ಸುಮ್ನಿರ್ರೀ!”

ಎಂಜಿನಿಯರ್ ಎರಡು ಸ್ಲೀಪರ್ ತರಿಸಿದರು. ಒಂದರ ತೂತನ್ನು ಒರೆಸಿ ಒಣಗಿಸಿದರು, ಇನ್ನೊಂದಕ್ಕೆ ನೀರು ತುಂಬಿಸಿದರು. ಇಡೀ ಶೆಡ್ಡು ಸುತ್ತ ನಿಂತಿತ್ತು. ಒಣಗಿದ್ದಕ್ಕೆ ಬೋಲ್ಟ್ ಬಿಗಿದೆ, ಏನೂ ಆಗಲಿಲ್ಲ. ಆಮೇಲೆ ಎರಡನೆಯದಕ್ಕೆ ಕೈ ಹಾಕಿದೆ. ಅದೇ ಕೈ, ಅದೇ ಬಿಗಿ. ಚಟ್ ಅಂತ ಸೀಳಿತು. ಒಡೆದ ಸ್ಲೀಪರ್ ನೋಡಿ ಕುಣಿದಾಡಿದವನು ಲೋಕದಲ್ಲಿ ನಾನೊಬ್ಬನೇ ಇರಬೇಕು.

“ನೀರು ಬೇಕೇ ಬೇಕು, ಹಾಕಮ್ಮ. ತೂತಿಗೆ ಮುಚ್ಚಳ ಮಾಡಿಸೋಣ,” ಅಂದರು ಎಂಜಿನಿಯರ್. ಯಾರ ಕೆಲಸವೂ ಹೋಗಲಿಲ್ಲ. ಅಂದಿನಿಂದ ಪ್ರತಿ ತೂತಿಗೂ ರಬ್ಬರ್ ಮುಚ್ಚಳ ಒತ್ತಿದ ಮೇಲೆಯೇ ಅವಳು ಪೈಪು ಹಿಡಿಯುವುದು. ಮರೆತವರಿಗೆ, ಎಣ್ಣೆ ಚೆಲ್ಲಿದ ದಿನ ನನಗೆ ತಪ್ಪಿದ ಬೈಗುಳವೆಲ್ಲ ಬಡ್ಡಿ ಸಮೇತ ಸಿಗುತ್ತದೆ. ಆ ಬಿರುಕು ಮತ್ತೆ ಬರಲಿಲ್ಲ.

ಸ್ಲೀಪರ್ ಸೀಳಿದ ಆ ಸಂಜೆ ಮನೆಗೆ ನಡೆಯುತ್ತ ಕೇಳಿದೆ: “ನಿನ್ನ ಕೆಲಸ ಹೋಗಿದ್ರೆ ಏನೇ ಮಾಡ್ತಿದ್ದೆ?”

“ನೀರು ಹಾಕೋ ಕೆಲಸ ಎಲ್ಲಾದ್ರೂ ಸಿಗತ್ತೆ ಬಿಡ್ರಿ. ನಿಮ್ಮ ಕೈಯ ಹೆಸರು ಹೋದ್ರೆ ಮತ್ತೆ ಎಲ್ಲಿ ಸಿಗತ್ತೆ?”

ನಡುರಸ್ತೆಯಲ್ಲೇ ನನ್ನ ಕಣ್ಣು ತುಂಬಿತು. ದಾರಿಯಲ್ಲಿ ಹೊಸ ಬಾಟಲಿ ಕೊಂಡೆವು. ಅದಕ್ಕೆ ಬಿರಡೆ ಹಾಕುವ ವಿಷಯದಲ್ಲಿ ಮಾತ್ರ ಅವಳು ಇವತ್ತಿಗೂ ಈ ಕೈಯನ್ನು ನಂಬುವುದಿಲ್ಲ.