ಏಳು ಪಲ್ಯದ ಎಲೆಯಲ್ಲಿ ಇಡಾ

ಬಜಪೆಯ ಇಡಾ ಮಾರಿಷಸ್ಸಿನವಳಾದದ್ದು ಮದುವೆಯಿಂದ, ಮೆಲ್ಬರ್ನಿನವಳಾದದ್ದು ಗಂಡನ ಹಟದಿಂದ. ಬಹರೇನಿನ ಆಸ್ಪತ್ರೆಯಲ್ಲಿ ನರ್ಸಾಗಿದ್ದಾಗ, ಕಾಲು ಮುರಿದುಕೊಂಡು ಬಂದಿದ್ದ ಹೋಟೆಲ್ ನೌಕರ ಕ್ಲಿಫರ್ಡ್ ವೀರಾಪೆನ್‌ಗೆ ಇವಳು ಆರೈಕೆ ಮಾಡಿದ್ದಳು. ಆಸಾಮಿ ನೆಟ್ಟಗೆ ನಡೆಯಲು ಕಲಿತ ಕೂಡಲೇ ನೇರ ಇವಳ ಹಿಂದೆಯೇ ನಡೆದ. ವರ್ಷ ತುಂಬುವುದರೊಳಗೆ ಇಡಾ ಅವನ ಊರಾದ ಕ್ಯೂರ್‌ಪಿಪ್‌ನಲ್ಲಿ ಸೊಸೆಯಾಗಿ ನಿಂತಿದ್ದಳು.

ಆ ದ್ವೀಪದ ಕಥೆಯೇ ಒಂದು ಬಗೆ. ಅಲ್ಲಿ ಮೂಲದವರು ಅಂತ ಯಾರೂ ಇಲ್ಲ. ಡಚ್ಚರು ಬಂದರು, ಹೋದರು. ಫ್ರೆಂಚರು ಬಂದು ಆಫ್ರಿಕಾದಿಂದ ಗುಲಾಮರನ್ನು ಹೊತ್ತು ತಂದರು. ಬ್ರಿಟಿಷರು ಕಬ್ಬಿನ ಗದ್ದೆಗೆಂದು ಬಿಹಾರದಿಂದ, ತಮಿಳು ಸೀಮೆಯಿಂದ ಕೂಲಿಗಳನ್ನು ತುಂಬಿಸಿ ತಂದರು. ಅಂಗಡಿ ಇಡಲು ಚೀನೀಯರೂ ಬಂದರು. ಕ್ಲಿಫರ್ಡನ ಮುತ್ತಜ್ಜನ ಅಪ್ಪ ಬಂದಿದ್ದೂ ಹಾಗೆಯೇ. ಇಗರ್ಜಿ ಸೇರಿ ಕ್ರೈಸ್ತರಾದದ್ದು ಆಮೇಲಿನ ಮಾತು. ಎಲ್ಲರೂ ಹಡಗಿನಿಂದ ಇಳಿದವರೇ. ಆದರೂ ಮೊದಲ ಹಡಗಿನವರಿಗೆ ಆಮೇಲಿನ ಹಡಗಿನವರು ಹೊರಗಿನವರು ನೋಡಿ! ಇಡಾ ವಿಮಾನದಲ್ಲಿ ಬಂದವಳು. ಅವಳ ಪಾಡು ಕೇಳಬೇಕೆ?

ಕೇಳಬೇಕಾದರೆ ಅತ್ತಿಗೆ ಜಿನೆಟ್‌ಳನ್ನು ಕೇಳಬೇಕು. ಕ್ಲಿಫರ್ಡನ ಅಕ್ಕ. ಕೆಟ್ಟವಳಲ್ಲ, ಆದರೆ ಬಿಗಿ. ಇವರೆಲ್ಲ ಮೆಲ್ಬರ್ನಿನ ನೋಬಲ್ ಪಾರ್ಕಿಗೆ ಬಂದು ನೆಲೆಸಿದ ಮೇಲೆ, ಮಾರ್ಚಿ ಹನ್ನೆರಡು ಅಂದರೆ ಮಾರಿಷಸ್ಸಿನ ಸ್ವಾತಂತ್ರ್ಯ ದಿನ, ಅದರ ಹತ್ತಿರದ ಶನಿವಾರ ಇಗರ್ಜಿಯ ಹಾಲ್‌ನಲ್ಲಿ ಊರಿನವರೆಲ್ಲ ಸೇರಿ ಉಣ್ಣುವ ಪದ್ಧತಿ ಹಾಕಿದವಳೇ ಅವಳು. ಬಾಳೆಲೆ, ಅನ್ನ, ಏಳು ಪಲ್ಯ. ಅವರ ಊರಿನ ತಮಿಳರ ಮದುವೆ ಊಟ ಅದು. ಈಗ ಎಲ್ಲರ ಸೊತ್ತು. ಪಲ್ಯಗಳಿಗೆ ಅಲ್ಲಿ ತರಕಾರಿಯ ಹೆಸರು ಸಾಲದು, ಕೈಯ ಹೆಸರೂ ಬೇಕು. ಹಬೀಬನ ಬದನೆ, ಲೀ ಅಂಕಲ್‌ನ ಎಳೆಹಲಸಿನ ಗುಜ್ಜೆ, ಜಿನೆಟ್‌ಳ ಸಿಹಿಗುಂಬಳ. ಇಪ್ಪತ್ತನಾಲ್ಕು ವರ್ಷ ಇಡಾ ಆ ಹಾಲ್‌ನಲ್ಲಿ ಎಲೆ ತೊಳೆದಿದ್ದಾಳೆ, ಒರೆಸಿದ್ದಾಳೆ. ಅವಳ ಹೆಸರಿನ ಪಲ್ಯ ಒಂದೂ ಇರಲಿಲ್ಲ. ಕೆಲ್ಲಿವಿಲ್‌ನಲ್ಲಿರುವ ಮಗಳು ಮೆಲಿಶಾ ಫೋನಿನಲ್ಲಿ ನಕ್ಕು, ಇಷ್ಟಕ್ಕೆಲ್ಲ ಯಾಕೆ ಕೊರಗುತ್ತೀ ಎಂದು ಇಂಗ್ಲಿಷಿನಲ್ಲಿ ಕೇಳಿದ್ದಳು. ಇಡಾ ಕೊರಗುತ್ತಿರಲಿಲ್ಲ. ಕೆಲಸ, ಗಂಡ, ಹಿತ್ತಲಿನ ಬಸಳೆ, ಸುಖವಾಗಿಯೇ ಇದ್ದಳು. ಆದರೆ ಅದೊಂದು ಬೇಕಿತ್ತು ಅವಳಿಗೆ. ಬೇಕು ಅಂದರೆ ಬೇಕು.

ಈ ವರ್ಷ ಜಿನೆಟ್ ಬಾತ್‌ರೂಮಿನಲ್ಲಿ ಜಾರಿ ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಳು. ಗುರುವಾರ ಫೋನ್ ಬಂತು. ಸಿಹಿಗುಂಬಳ ನೀನು ಮಾಡು, ನನ್ನದರ ಹಾಗೇ ಇರಬೇಕು, ಬೆಳ್ಳುಳ್ಳಿ, ಒಣಮೆಣಸು, ಥೈಮ್ ಸೊಪ್ಪು, ಅಷ್ಟೇ. ಇಡಾ ಫೋನಿಟ್ಟು ಕುಂಬಳ ತರಲು ಚೀಲ ಹುಡುಕಿದಳು.

ಶನಿವಾರ ಬೆಳಿಗ್ಗೆ ಹಾಲಿನ ಅಡುಗೆಮನೆಗೆ ಜೊತೆಗೆ ಬಂದವಳು ಅಪೂರ್ವ. ಹಾಸನದ ಹುಡುಗಿ, ಓದಲು ಬಂದು, ಇಲ್ಲೇ ನೆಲೆಸಲು ಪಿಆರ್ ಸಿಕ್ಕಿ, ಈಗ ಡಾಕ್‌ಲ್ಯಾಂಡ್ಸ್‌ನಲ್ಲಿ ಕೆಲಸ, ಇಡಾಳ ಹಿಂದಿನ ರೂಮಿನಲ್ಲಿ ವಾಸ. ಇಬ್ಬರೂ ಹನ್ನೆರಡು ಕಿಲೋ ಕುಂಬಳ ಹೆಚ್ಚಿದರು. ಕೈ ಕೆಲಸ ಮಾಡುತ್ತಿತ್ತು, ಬಾಯಿ ಬಜಪೆಯಲ್ಲಿತ್ತು. ಅಮ್ಮ ಮಾಡುತ್ತಿದ್ದ ಪಲ್ಯ, ಅಂಗಳದ ಒಲೆ, ಮಾತಿಗೆ ಕೊನೆಯೇ ಇಲ್ಲ. ಕುಂಬಳ ಬೆಂದಿತು. ಕೈ ಪಕ್ಕಕ್ಕೆ ಹೋಯಿತು. ಅಲ್ಲಿ ಚಟ್ನಿಗೆಂದು ತುರಿದಿಟ್ಟ ತೆಂಗಿನಕಾಯಿ ಬೋಗುಣಿ ತುಂಬ ಇತ್ತು.

"ಆಂಟಿ, ನೀವು ಕಾಯಿ ಹಾಕಿಬಿಟ್ರಾ?" ಎಂದಳು ಅಪೂರ್ವ.

ಅರ್ಧ ಬೋಗುಣಿ ಪಲ್ಯದೊಳಗೆ ಹೋಗಿ, ಕಲಸಿಯೂ ಆಗಿತ್ತು. ಅಯ್ಯೋ ದೇವರೇ! ಬಜಪೆಯ ಯಾವ ಹೆಂಗಸಿನ ಕೈಯಾದರೂ ಬೆಂದ ಕುಂಬಳ ಕಂಡರೆ ಕಾಯಿ ಹಾಕದೆ ಸುಮ್ಮನಿರುತ್ತದೆಯೆ? ಮೂವತ್ತೈದು ವರ್ಷ ಅವರ ಊಟ ಉಂಡು, ಅವರ ಕ್ರಿಯೋಲ್ ಮಾತಾಡಿ, ಸಿಕ್ಕಿದ ಒಂದೇ ದಿನ ಕೈ ಕೊಟ್ಟಿತು. ಇನ್ನೊಮ್ಮೆ ಮಾಡಲು ಕುಂಬಳವಿಲ್ಲ, ಹೊರಗೆ ಕಾರುಗಳು ನಿಲ್ಲತೊಡಗಿದ್ದವು. ಇಡಾಗೆ ಅಳು ಬಂತು.

ಸುಮ್ಮನಿರಿ, ಯಾರಿಗೂ ಗೊತ್ತಾಗಲ್ಲ ಎಂದಳು ಅಪೂರ್ವ. ಇಡಾ ಕಣ್ಣೊರೆಸಿಕೊಂಡಳು.

"ಕದ್ದುಮುಚ್ಚಿ ನನ್ನ ಹೆಸರು ಮಾಡಿಕೊಳ್ಳುವುದು ಬೇಡ ಮಾರಾಯ್ತಿ. ಹೇಳಿಯೇ ಬರುತ್ತೇನೆ."

ಬಾಗಿಲಲ್ಲಿ ನಿಂತು ಜನರನ್ನು ಕರೆಯುತ್ತಿದ್ದ ಜಿನೆಟ್‌ಳನ್ನು ಅಡುಗೆಮನೆಗೆ ಕರೆತಂದು ಇದ್ದದ್ದು ಇದ್ದ ಹಾಗೆ ಹೇಳಿದಳು. ಜಿನೆಟ್ ಎಡಗೈಯಲ್ಲಿ ಸೌಟು ಹಿಡಿದು ಒಂದು ತುತ್ತು ತಿಂದಳು. ಮುಖದಲ್ಲಿ ಏನೂ ಕಾಣಲಿಲ್ಲ. ಬಡಿಸಲು ಹೇಳಿ ಹೊರಟುಹೋದಳು.

ಎಂಬತ್ತು ಎಲೆ. ಇಡಾ ತಲೆ ತಗ್ಗಿಸಿ ಬಡಿಸುತ್ತ ಬಂದಳು. ಜಿನೆಟ್‌ಳ ಪಕ್ಕ ಕುಳಿತ ಲೀ ಅಂಕಲ್ ಬಾಯಿಗಿಟ್ಟವರೇ ಹುಬ್ಬೇರಿಸಿ, ಜಿನೆಟ್‌ಳ ಸಿಹಿಗುಂಬಳ ಈ ಸಲ ಬೇರೆ ಥರ ಇದೆಯಲ್ಲ ಎಂದರು. ಸಾಲಿನವರೆಲ್ಲ ತಲೆ ಎತ್ತಿದರು.

"ಇದು ನನ್ನದಲ್ಲ," ಎಂದಳು ಜಿನೆಟ್, ಎಲ್ಲರಿಗೂ ಕೇಳುವ ಹಾಗೆ.

ಮುಗಿಯಿತು, ಇನ್ನು ಸಾಯುವ ತನಕ ಎಲೆ ತೊಳೆಯುವುದೇ ಎಂದುಕೊಂಡಳು ಇಡಾ.

"ಇದು ಇಡಾಳ ಸಿಹಿಗುಂಬಳ. ಅವಳು ಕಾಯಿ ಹಾಕುತ್ತಾಳೆ."

ಹಾಗೆಂದು ಪ್ಲಾಸ್ಟರಿನ ಕೈಯಿಂದಲೇ ತನ್ನ ಎಲೆಯನ್ನು ಇಡಾಳ ಸೌಟಿನತ್ತ ತಳ್ಳಿದಳು. ಅದರಲ್ಲಿ ಆರು ಪಲ್ಯ ಹಾಗೇ ಇದ್ದವು. ಕುಂಬಳದ ಜಾಗ ಮಾತ್ರ ಖಾಲಿಯಾಗಿತ್ತು.