ನಿಶ್ಚಿತಾರ್ಥದಲ್ಲಿ ಬಂದ ಫೋನು

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ನಾನು ಕಲಿತದ್ದು ಕೋಲಾರದ ಮೊಬೈಲ್ ಅಂಗಡಿಯ ಕೌಂಟರಿನಲ್ಲಿ. ಅಲ್ಲಿ ಕೆಲಸಕ್ಕೆ ಸೇರಿದ ಮೇಲೆ ಯಾರ ಕೈಯಲ್ಲಿ ಹೊಸ ಫೋನು ಕಂಡರೂ ನನಗೆ ಮೊದಲು ಅನುಮಾನವೇ. ತಂಗಿಯ ನಿಶ್ಚಿತಾರ್ಥಕ್ಕೆ ಹುಡುಗ ದುಬಾರಿ ಫೋನು ಕೊಟ್ಟನಲ್ಲ, ಅದರ ಡಬ್ಬಕ್ಕೆ ಸೀಲೇ ಇರಲಿಲ್ಲ.

"ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡ್ಸಕ್ಕೆ ಬಿಚ್ಚಿದ್ವಿ" ಎಂದರು ಅವನ ತಾಯಿ, ಯಾರೂ ಕೇಳದೆಯೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಅವರು ಊಟ ಮುಗಿಸಿ ಹೊರಡುವುದನ್ನೇ ಕಾದೆ.

ಹುಡುಗನಿಗೆ ವೇಮಗಲ್‌ನ ಕಾರ್ಖಾನೆಯಲ್ಲಿ ಕೆಲಸ. ತಂಗಿಗೆ ಅವನೆಂದರೆ ಪ್ರಾಣ. "ಅಕ್ಕಾ, ನಿಂಗೆ ಎಲ್ಲಾದ್ರಲ್ಲೂ ಡೌಟೇ. ಬಿಡೇ" ಎಂದಳು.

"ಇದು ನಿನ್ನ ಬಾಳಿನ ಮಾತು ಕಣೇ. ಮದುವೆಗೆ ಮುಂಚೆನೇ ಡೂಪ್ಲಿಕೇಟ್ ಮಾಲು ಕೊಡೋನು ಆಮೇಲೆ ಇನ್ನೇನು ಮಾಡ್ತಾನೋ!"

ಅಷ್ಟರಲ್ಲಿ ಅಮ್ಮ ಫೋನು ತೆಗೆದುಕೊಂಡು ಕಿವಿಯ ಹತ್ತಿರ ಅಲ್ಲಾಡಿಸಿದಳು. ಕ್ಯಾಲನೂರಿನ ಹತ್ತಿರದ ನಮ್ಮ ಮನೆಯಲ್ಲಿ ರೇಷ್ಮೆಗೂಡನ್ನು ಹಾಗೆಯೇ ನೋಡುವುದು. ಒಳಗಿನ ಹುಳು ಲೊಡಲೊಡ ಅಂದರೆ ಗೂಡು ಚೆನ್ನಾಗಿದೆ ಎಂದರ್ಥ. "ಸದ್ದು ಬರ್ತೈತಮ್ಮಾ, ಒಳ್ಳೇ ಮಾಲೇ" ಎಂದಳು. ಅದು ಕ್ಯಾಮೆರಾ ಒಳಗಿನ ಸದ್ದು ಎಂದು ಹೇಳುವಷ್ಟು ತಾಳ್ಮೆ ನನಗೆಲ್ಲಿತ್ತು?

ಸ್ಟಾರ್ ಹ್ಯಾಶ್ ಸೊನ್ನೆ ಆರು ಹ್ಯಾಶ್ ಒತ್ತಿದೆ. ಪರದೆಯ ಮೇಲೆ ಬಂದ ಐಎಂಇಐ, ಅಂದರೆ ಫೋನಿನ ಗುರುತಿನ ನಂಬರು ಡಬ್ಬದ ಮೇಲಿನ ನಂಬರಿಗೆ ಸರಿಯಾಗಿ ಹೊಂದಿತು. ತೆರಿಗೆ ತಪ್ಪಿಸಿ ಹೊರದೇಶದಿಂದ ತಂದ ಫೋನಾದರೆ ಡಬ್ಬದ ಮೇಲೆ ರೂಪಾಯಿ ಬೆಲೆಯ ಚೀಟಿ ಇರುವುದಿಲ್ಲ. ಇದರಲ್ಲಿ ಅದೂ ಇತ್ತು. ಫೋನು ಅಸಲಿ. ಆದರೂ ತಲೆಯೊಳಗೆ ಹೊಕ್ಕ ಹುಳ ಸುಮ್ಮನಿರಬೇಕಲ್ಲ! ಕಂಪನಿಯ ವೆಬ್‌ಸೈಟಿನಲ್ಲಿ ಅದೇ ನಂಬರು ಹಾಕಿ ನೋಡಿದೆ. ವಾರಂಟಿ ಹೋದ ವರ್ಷವೇ ಶುರುವಾಗಿತ್ತು. ಅಂದರೆ ಇದನ್ನು ಯಾರೋ ಆಗಲೇ ಬಳಸಿದ್ದರು.

ತಂಗಿ ಅದನ್ನು ಓದಿದಳು. ಅವಳ ಮುಖ ನೋಡಿ ನನಗೆ ಯಾಕಾದರೂ ಕೆದಕಿದೆನೋ ಅನ್ನಿಸಿತು. ಅವಳೇ ಅವನಿಗೆ ಕರೆ ಮಾಡಿ ಸ್ಪೀಕರಿಗೆ ಹಾಕಿದಳು.

"ಈ ಫೋನು ಮೊದ್ಲು ಯಾರತ್ರ ಇತ್ತು?"

"ತಾಯಲೂರಲ್ಲಿ ಒಂದು ಸಂಬಂಧ ಕೂಡಿತ್ತು. ಹುಡುಗಿ ಬೇಡ ಅಂದ್ಲು, ಮುರಿದೋಯ್ತು. ಕೊಟ್ಟಿದ್ದೆಲ್ಲಾ ವಾಪಸ್ ಕಳ್ಸಿದ್ರು. ಹೊಸದರ ತರಾನೇ ಇತ್ತಲ್ಲ, ಅದಕ್ಕೇ..." ಎಂದ.

"ಅಯ್ಯಯ್ಯೋ, ಮುರಿದ ಸಂಬಂಧದ ವಸ್ತುನಾ!" ಎಂದು ಅಮ್ಮ ಎದೆ ಬಡಿದುಕೊಂಡಳು. ಮುರಿದ ಮೇಲೆ ಕೊಟ್ಟದ್ದನ್ನು ಹಿಂದಿರುಗಿಸುವುದು ನಮ್ಮ ಕಡೆಯ ರೂಢಿಯೇ. ಆದರೆ ಅದನ್ನು ಇನ್ನೊಬ್ಬಳ ಕೈಗೆ ಇಡುವುದೇ?

ತಂಗಿ ಅಮ್ಮನಿಗೆ ಸುಮ್ಮನಿರು ಎಂದು ಕೈಮಾಡಿದಳು. "ಫೋನು ಹಾಳಾಗೋಗ್ಲಿ. ಆ ಹುಡುಗಿ ಯಾಕೆ ಬೇಡ ಅಂದ್ಲು?"

"ಅದೆಲ್ಲಾ ಈಗ್ಯಾಕೆ? ಮದ್ವೆ ಆದ್ಮೇಲೆ ಹೇಳ್ತೀನಿ ಬಿಡು."

ಅವಳು ಕರೆ ಕಟ್ ಮಾಡಿ, ಫೋನನ್ನು ಡಬ್ಬಕ್ಕೆ ಹಾಕಿ, ಜಗಲಿಯಲ್ಲಿ ಕೂತಿದ್ದ ಅಪ್ಪನ ಮುಂದೆ ಇಟ್ಟಳು.

"ಅಪ್ಪಾ, ನಾಳೆ ಬೆಳಗ್ಗೆ ತಾಯಲೂರಿಗೆ ಹೋಗ್ಬೇಕು. ಆ ಹುಡುಗಿನ ಕೇಳ್ಕೊಂಡು ಬರ್ತೀನಿ."